ಗಾಳಿಗೆ ಬಿಟ್ಟ ಕಿಡಕಿ

ಸೋಮವಾರ ಮುಂಜಾನೆ, ಒಲೆಯ ಮುಂದೆ

ಬೆಲ್ಲದ ಪಾಕ ಎಳೆ ಬರುವ ಹೊತ್ತು. ಅಂಟಿನ ಉಂಡೆ ಕಟ್ಟಿದವರಿಗೆ ಗೊತ್ತು, ಆ ಹೊತ್ತಿನಲ್ಲಿ ಬಾಗಿಲಿಗೆ ಯಾರೇ ಬಂದರೂ ಏಳುವಂತಿಲ್ಲ. ಒಣಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಹುರಿದ ಅಂಟು ಎಲ್ಲ ಪರಾತದಲ್ಲಿ ಕಾದಿದ್ದವು. ಮಗಳು ನೀಲವ್ವ ಹಡೆದು ಹನ್ನೊಂದನೆಯ ದಿನ. ಹೆಣ್ಣು ಕೂಸು. ಬುಧವಾರಕ್ಕೆ ಹದಿಮೂರಾಗುತ್ತದೆ, ಅವತ್ತು ತೊಟ್ಟಿಲಿಗೆ ಹಾಕಿ ಹೆಸರಿಡುವುದು, ಬಂದವರ ಕೈಗೆ ಒಂದೊಂದು ಉಂಡೆ ಕೊಡುವುದು ಅಂತ ನನ್ನ ಲೆಕ್ಕ.

ಅಷ್ಟರಲ್ಲಿ ಪಕ್ಕದ ಮನೆಯ ಸಗುಣಾಬಾಯಿ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದರು. ಕೈಯಲ್ಲಿ ಸುತ್ತಿಗೆ, ತುಟಿಯ ನಡುವೆ ನಾಲ್ಕು ಮೊಳೆ. ಮೊಳೆ ತೆಗೆದು ಅಂಗೈಯಲ್ಲಿ ಹಿಡಿದು ಹೇಳಿದರು.

"ಬೀಗತೀ, ಠಾಣೆ ಮುಂದ ಕೆಂಪು ಬಾವುಟ ಏರಿಸ್ಯಾರ. ತುಫಾನ ಬರಾಕತ್ತೈತಿ. ಒಲಿ ಆರಸ್ರಿ, ಭಾಳ ಕೆಲಸ ಐತಿ."

"ಪಾಕ ಎಳಿ ಬಂದೈತ್ರಿ. ಉಂಡಿ ಕಟ್ಟಿ ಆರಸ್ತೇನಿ," ಅಂದೆ.

"ಹಂಗಾದ್ರ ದಂಡಿಗೆ ಹೋಗಿ ಹೇಳಿ ಬರ್ಲೇನು? ಹುಬ್ಬಳ್ಳಿ ಬಾಯಾರ ಉಂಡಿ ಕಟ್ಟೂತನಕ ನಿಂದ್ರಪಾ ತುಫಾನ ಅಂತ?"

ನನಗೆ ನಗು ಬರಲಿಲ್ಲ. ಒಳಗಿನ ಕೋಣೆಯಿಂದ ನೀಲವ್ವ, "ಅವ್ವಾ, ಏನಂತ?" ಅಂತ ಕೂಗಿದಳು. ನಾನು "ಏನಿಲ್ಲವ್ವಾ, ಮಲಕೊ" ಅಂದೆ. ಅಂದು ಪರಾತಕ್ಕೆ ಪಾಕ ಸುರಿದೆ. ಕೈ ಸುಟ್ಟಿತು. ಆದರೂ ಒಂದೂ ಬಿಡದೆ ಇಪ್ಪತ್ತೆರಡು ಉಂಡೆ ಕಟ್ಟಿ ಡಬ್ಬಿಗೆ ತುಂಬಿದೆ. ಅವತ್ತೇ ಕಟ್ಟಿ ಮುಗಿಸಿದ್ದು ಒಂದು ಪುಣ್ಯ. ಅದು ಆಮೇಲೆ ತಿಳಿಯಿತು.

ಹಡಗು ಮತ್ತು ಬಂದರು

ಈ ಹುಬ್ಬಳ್ಳಿಯ ಹೆಂಗಸು ಸಮುದ್ರದಾಚೆ ಮಾರಿಷಸ್ ದ್ವೀಪಕ್ಕೆ ಹೇಗೆ ಹೋದಳು ಅಂತ ನೀವು ಕೇಳಬಹುದು. ನಮ್ಮ ಅಳಿಯಂದಿರು ಹುಬ್ಬಳ್ಳಿಯ ರೈಲು ಕಾರಖಾನೆಯಲ್ಲಿ ಕೆಲಸ ಕಲಿತು, ಅಲ್ಲಿಯ ಒಂದು ಸಕ್ಕರೆ ಗಿರಣಿಗೆ ಎಂಜಿನ್ ಮೇಸ್ತ್ರಿಯಾಗಿ ಹೋದವರು. ಚೊಚ್ಚಲ ಹೆರಿಗೆಗೆ ಮಗಳು ನಮ್ಮ ಮನೆಗೆ ಬರಬೇಕಿತ್ತು. ಕಾಲು ಬಾತುಕೊಂಡಿದ್ದಾವೆ, ಹಡಗು ಹತ್ತಬೇಡ ಅಂತ ಡಾಕ್ಟರು ಬರೆದುಕೊಟ್ಟರು. ಮಗಳು ತವರಿಗೆ ಬರಲಾರದ್ದಕ್ಕೆ ತವರೇ ಗಂಟು ಕಟ್ಟಿಕೊಂಡು ಮಗಳ ಹತ್ತಿರ ಹೊರಟಿತು.

ಮನೆಯವರು ಮುಂಬೈತನಕ ಬಂದು, ಅದೇ ದ್ವೀಪಕ್ಕೆ ಹೋಗುವ ಒಂದು ಗುಜರಾತಿ ಕುಟುಂಬದ ಜೊತೆ ಮಾಡಿ ನನ್ನನ್ನು ಹಡಗು ಹತ್ತಿಸಿದರು. ಉಣಕಲ್ಲ ಕೆರೆ ಕೋಡಿ ಬಿದ್ದದ್ದೇ ಅಲ್ಲಿಯವರೆಗೆ ನಾನು ಕಂಡ ದೊಡ್ಡ ನೀರು. ಹಡಗಿನಲ್ಲಿ ಮೊದಲ ಐದು ದಿನ ತಲೆ ಎತ್ತಲಿಲ್ಲ. ಆದರೆ ಒಂದು ದಿನವೂ ಪೂಜೆ ತಪ್ಪಲಿಲ್ಲ. ನಮ್ಮ ದೇವರಿಗೆ ಗುಡಿ ಬೇಕಾಗಿಲ್ಲ, ಘಂಟೆ ಬೇಕಾಗಿಲ್ಲ. ಕೊರಳಲ್ಲೇ ಇರುತ್ತಾನೆ. ಎಡಗೈ ಮೇಲೆ ಲಿಂಗ ಇಟ್ಟುಕೊಂಡು ಕೂತರೆ ಹಡಗು ಹೊರಳಾಡಿದರೂ ಅಂಗೈ ಹೊರಳಾಡಲಿಲ್ಲ.

ಬಂದರಿನಲ್ಲಿ ಒಂದು ಫಜೀತಿ ಆಯಿತು. ನನ್ನ ಗಂಟಿನಲ್ಲಿ ಬಾಣಂತಿಗೆ ಬೇಕಾದ ಅಳವಿ, ಅಂಟು, ಒಣಶುಂಠಿ, ಎರಡು ಕಂಬಳಿ, ಕೂಸಿಗೆಂದು ಹಳೇ ಇಳಕಲ್ ಸೀರೆ ಹರಿದು ಮಾಡಿದ ಮೆತ್ತನೆಯ ಬಟ್ಟೆ, ಮತ್ತು ಎರಡು ನೂರು ಖಡಕ್ ರೊಟ್ಟಿ. ಜಕಾತಿಯ ಅಧಿಕಾರಿ ಒಂದು ರೊಟ್ಟಿ ಎತ್ತಿ ಬಡಿದು ನೋಡಿದ, ಬೆಳಕಿಗೆ ಹಿಡಿದ, ಮೂಸಿದ. ಏನು ಇದು ಅಂತ ಕೈಸನ್ನೆ ಮಾಡಿದ. ನಾನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನೂ ಒಂದು ತುಂಡು ತಿಂದ. ಬಹಳ ಹೊತ್ತು ಅಗಿದ. ಆಮೇಲೆ ಗಂಟಿನ ಮೇಲೆ ಸುಣ್ಣದ ಗುರುತು ಹಾಕಿ, ಹೋಗು ತಾಯಿ ಅನ್ನುವ ಹಾಗೆ ಕೈ ಬೀಸಿದ. ಆ ತುಂಡು ಅವನು ನುಂಗಿದನೋ ಇಲ್ಲವೋ ಶಿವನೇ ಬಲ್ಲ.

ಗಿರಣಿಯ ಹತ್ತಿರ ಮನೆ ಸಿಗದೆ ಅಳಿಯಂದಿರು ಅಲ್ಲಿಂದ ಎರಡು ಹರದಾರಿ ದೂರ, ಸಮುದ್ರದ ದಂಡೆಯ ಹಳ್ಳಿಯಲ್ಲಿ ಮನೆ ಹಿಡಿದಿದ್ದರು. ಆ ಊರಿನ ಫ್ರೆಂಚ್ ಹೆಸರು ಕೊನೆಯತನಕ ನನ್ನ ನಾಲಿಗೆಗೆ ಹೊರಳಲಿಲ್ಲ. ಹಲಗೆಯ ಗೋಡೆ, ತಗಡಿನ ಮಾಡು, ಎರಡು ಕೋಣೆ. ಮನೆಯ ಮಾಲಕರೇ ಪಕ್ಕದ ಮನೆಯ ಸಖಾರಾಮ ಮತ್ತು ಸಗುಣಾಬಾಯಿ. ಇಬ್ಬರ ಅಜ್ಜಂದಿರೂ ಕೊಂಕಣದಿಂದ ಕಬ್ಬಿನ ಕೆಲಸಕ್ಕೆ ಬಂದವರು. ಸಖಾರಾಮ ಈಗ ಮೀನುಗಾರ. ಸಗುಣಾಬಾಯಿಯ ಮರಾಠಿ ಹಳೆಯ ಕಾಲದ್ದು, ನಡುನಡುವೆ ಅಲ್ಲಿಯ ಮಾತು ಬೆರೆತದ್ದು. ನನಗೂ ಹುಬ್ಬಳ್ಳಿಯ ಓಣಿಯ ಮರಾಠಿ ಬರುತ್ತಿತ್ತಾದ್ದರಿಂದ ಮಾತಿಗೆ ಅಡ್ಡಿ ಆಗಲಿಲ್ಲ. ಅವರ ಮಾತನ್ನು ನಮ್ಮ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

ಮಕ್ಕಳಿಲ್ಲದ ಅವರು ನಮ್ಮ ಅಳಿಯಂದಿರನ್ನು ಮಗ ಅಂತಲೇ ಕರೆಯುತ್ತಿದ್ದರು. ನಾನು ಹೋದ ದಿನವೇ, "ಅವ ನನ್ನ ಮಗ ಅಂದಮ್ಯಾಲ ನೀವು ನನಗ ಬೀಗತಿ ಆಗಬೇಕು. ನಿಮ್ಮನ್ನ ಬೈಯೂ ಹಕ್ಕು ನನಗ ಬಂತು," ಅಂದಿದ್ದರು. ಆ ಹಕ್ಕನ್ನು ದಿನಾಲು ಚಲಾಯಿಸುತ್ತಿದ್ದರು.

ಸೋಮವಾರ ಮಧ್ಯಾಹ್ನ, ದಂಡೆ

ಬಾವುಟ ಏರಿಸಿದ್ದಾರೆ ಅಂದರೂ ಗಾಳಿಯ ಸುಳಿವೇ ಇರಲಿಲ್ಲ. ತೆಂಗಿನ ಗರಿ ಅಲ್ಲಾಡುತ್ತಿರಲಿಲ್ಲ. ಮೈಮೇಲೆ ಒದ್ದೆ ಗೋಣಿ ಹೊದ್ದ ಹಾಗೆ ಸೆಕೆ. ದೂರದಲ್ಲಿ ಸಮುದ್ರದೊಳಗೆ ಹವಳದ ಕಲ್ಲಿನ ಸಾಲು ಇದೆ, ಅಲೆ ಅಲ್ಲೇ ಒಡೆದು ದಂಡೆಗೆ ಬರುವಾಗ ಕೆರೆಯ ನೀರಿನಷ್ಟು ಸಣ್ಣಗಾಗುತ್ತದೆ. ಅವತ್ತು ಆ ಸಾಲಿನಿಂದ ರೈಲು ಸೇತುವೆ ದಾಟುವಂಥ ಶಬ್ದ ನಿಲ್ಲದೆ ಬರುತ್ತಿತ್ತು. ನನಗೆ ಹೆದರಿಕೆ ಹುಟ್ಟಿಸಿದ್ದು ಆ ಶಬ್ದ. ಎಲೆ ಅಲ್ಲಾಡುತ್ತಿಲ್ಲ, ನೀರು ಯಾಕೆ ಗರ್ಜಿಸುತ್ತದೆ?

ಊರು ಮಾತ್ರ ಮದುವೆ ಮನೆಯ ಹಾಗೆ ಎದ್ದು ಕೂತಿತ್ತು. ಎಲ್ಲ ಮನೆಯಿಂದ ಸುತ್ತಿಗೆಯ ಸಪ್ಪಳ. ಕಿಡಕಿ ಬಾಗಿಲುಗಳಿಗೆ ಅಡ್ಡ ಪಟ್ಟಿ ಬಡಿಯುತ್ತಿದ್ದರು. ಮಾಡಿನ ಮೇಲೆ ದಪ್ಪ ಹಗ್ಗ ಹಾಯಿಸಿ ಎರಡೂ ಕಡೆ ನೆಲದ ಗೂಟಕ್ಕೆ ಬಿಗಿಯುತ್ತಿದ್ದರು. ಪಪ್ಪಾಯಿ, ಬಾಳೆ, ಕಾಯಿದ್ದರೂ ಸರಿ ಕೊಯ್ದು ಒಳಗೆ ತರುತ್ತಿದ್ದರು. ಕಡ್ಡಿಪೆಟ್ಟಿಗೆಯನ್ನು ಬಾಟಲಿಯೊಳಗೆ ಹಾಕಿ ಬೂಚು ಬಿಗಿದಿಟ್ಟರು. ಕೊಡ, ಪಾತೇಲಿ, ಕೂಸಿನ ಸ್ನಾನದ ಬೋಗುಣಿ, ಎಲ್ಲದಕ್ಕೂ ನೀರು. ಇನ್ನೊಂದು ಮಜಾ, ಪ್ರತಿ ಮನೆಯಲ್ಲೂ ಹಬ್ಬದಡಿಗೆ. ಹೇಗೂ ಗಾಳಿಗೆ ಹೋಗುವ ಕೋಳಿ, ನಮ್ಮ ಹೊಟ್ಟೆಗೇ ಹೋಗಲಿ ಅನ್ನುವ ವಿಚಾರ. ಊರ ತುಂಬ ಆ ವಾಸನೆ. ನಾನು ಸೆರಗು ಮೂಗಿಗೆ ಹಿಡಿದುಕೊಂಡು ಓಡಾಡಿದೆ.

ದಂಡೆಯಲ್ಲಿ ಕಂಡದ್ದು ಇನ್ನೂ ವಿಚಿತ್ರ. ಸಖಾರಾಮ ಮತ್ತು ಇಬ್ಬರು ಗಂಡಸರು ತಮ್ಮ ದೋಣಿಯನ್ನು ಹಳ್ಳದ ಮೂಲೆಗೆ, ನೀರಲ್ಲೇ ಬೆಳೆಯುವ ಗಿಡಗಳ ನಡುವೆ ಎಳೆದೊಯ್ದರು. ಅದರೊಳಗೆ ಕಲ್ಲು ಹೇರತೊಡಗಿದರು. ದೋಣಿ ಕುಸಿಯುತ್ತ ಕುಸಿಯುತ್ತ ನೀರು ಅಂಚಿನ ಮೇಲೆ ಹರಿದು ಒಳಗೆ ಬಂತು. ಗುಳುಗುಳು ಅಂತ ತಳಕ್ಕೆ ಹೋಯಿತು. ದೇವರ ಪಟ ಬರೆಸಿದ, ವರ್ಷಾ ವರ್ಷ ಬಣ್ಣ ಬಳಿಯುವ ದೋಣಿ!

"ಅಯ್ಯೋ, ಕೈಯಾರೆ ಮುಳುಗಿಸಿದ್ರಲ್ರಿ!" ಅಂತ ಕೂಗಿದೆ.

ಸಖಾರಾಮ ಮೊಣಕಾಲ ನೀರಿನಲ್ಲಿ ನಿಂತು ನಕ್ಕರು. "ಮ್ಯಾಲಿದ್ದರ ಗಾಳಿ ಒಯ್ತದ ಬಾಯೀ. ಮುಳಿಗಿದ್ದನ್ನ ಏನ ಮಾಡ್ತದ? ತುಫಾನ ಹೋದಮ್ಯಾಲ ಎತ್ತೂದು."

ಅದನ್ನು ಕೇಳಿ ನನಗೇನೂ ಸಮಾಧಾನ ಆಗಲಿಲ್ಲ. ಗಾಳಿಗೆ ಸಿಗದಿರಲೆಂದು ಗಂಡಸರು ತಮ್ಮ ಅನ್ನವನ್ನೇ ನೀರಿಗೆ ಹಾಕುತ್ತಾರೆ ಅಂದರೆ ಆ ಗಾಳಿ ಎಂಥದ್ದಿರಬೇಕು!

ಅಳಿಯಂದಿರು ಸಂಜೆಗೆ ಒಂದು ಗಳಿಗೆ ಬಂದರು. ಕಬ್ಬು ಅರೆಯುವ ಹಂಗಾಮಲ್ಲದ್ದರಿಂದ ಗಿರಣಿಯ ಯಂತ್ರಗಳನ್ನೆಲ್ಲ ಬಿಚ್ಚಿ ಹರವಿದ್ದರಂತೆ. ಮಳೆ ಬೀಳುವ ಮೊದಲು ಜೋಡಿಸಬೇಕು, ರಾತ್ರಿ ಅಲ್ಲೇ ಇರಬೇಕು. ಕೂಸಿನ ಹಣೆ ಮುಟ್ಟಿ, ಮಗಳ ಹತ್ತಿರ ಏನೋ ಹೇಳಿ, ಹೊರಗೆ ಬಂದು ನನಗೆ ಕೈಮುಗಿದರು.

"ಅತ್ತೀ, ಎರಡನೇ ಬಾವುಟ ಏರಿದ ಕೂಡಲೆ ಎಲ್ಲಾರೂ ದಿನ್ನಿ ಮ್ಯಾಲಿನ ಕಲ್ಲಿನ ಗೋದಾಮಿಗೆ ಹೋಗ್ತಾರ. ನೀವೂ ಹೋಗ್ರಿ. ಸಗುಣಾಬಾಯಿ ಹೇಳಿದಂಗ ಮಾಡ್ರಿ."

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅವರಿಗೆ ನನ್ನ ಸ್ವಭಾವ ಗೊತ್ತು. ತಿರುಗಿ ತಿರುಗಿ ನೋಡುತ್ತಲೇ ಹೋದರು.

ಮಂಗಳವಾರ ಮುಂಜಾನೆ, ಬಾಣಂತಿ ಕೋಣೆ

ನಮ್ಮಲ್ಲಿ ಬಾಣಂತಿ ಕೋಣೆ ಹೇಗಿರುತ್ತದೆ ನಿಮಗೆ ಹೇಳಬೇಕಾಗಿಲ್ಲ. ಕಿಡಕಿ ಮುಚ್ಚಿ, ಸಂದಿಗೆ ಅರಿವೆ ತುರುಕಿ, ಮಂಚದ ಕೆಳಗೆ ಅಗ್ಗಿಷ್ಟಿಗೆ ಇಟ್ಟು, ತಲೆಗೆ ಬಟ್ಟೆ, ಕಿವಿಗೆ ಅರಳೆ. ಆ ಕೋಣೆಗೆ ಗಾಳಿ ಬರಬಾರದು. ನಾನು ಅಲ್ಲಿಯೂ ಹಾಗೆಯೇ ಮಾಡಿದ್ದೆ. ಮೊದಲ ದಿನ ಸಗುಣಾಬಾಯಿ ಒಳಗೆ ಬಂದವರು, "ಇದೇನ ಬಾಣಂತಿ ಖೋಲಿನೋ, ಮೀನ ಸುಡೂ ಒಲಿನೋ?" ಅಂದು ಸೆರಗಿನಿಂದ ಬೆವರು ಒರೆಸಿಕೊಂಡು ಹೊರಗೆ ಹೋಗಿದ್ದರು.

ನನ್ನದು ಬರೀ ಹಟ ಅಂತ ಓದುವವರು ತಿಳಿಯಬಾರದು. ನೀಲವ್ವನಿಗಿಂತ ಮೊದಲು ನನಗೊಂದು ಗಂಡು ಕೂಸು ಇತ್ತು. ಒಂಬತ್ತು ದಿನ ಇತ್ತು. ಎಂಟನೆಯ ದಿನ ನನಗೆ ಉಸಿರು ಕಟ್ಟಿದ ಹಾಗಾಗಿ ಸ್ವಲ್ಪ ಹೊತ್ತು ಕಿಡಕಿ ತೆರೆದಿದ್ದೆ. ಮರುದಿನ ಕೂಸು ಸೆಟೆದುಕೊಂಡಿತು. ಅತ್ತೆ ಬೈಯಲಿಲ್ಲ. ಬಂದು ಕಿಡಕಿ ಮುಚ್ಚಿದರು, ಅಷ್ಟೇ. ಆ ಕಿಡಕಿ ಮುಚ್ಚಿದ ಸಪ್ಪಳ ಇಪ್ಪತ್ತೆರಡು ವರ್ಷವಾದರೂ ನನ್ನ ಕಿವಿಯಲ್ಲಿದೆ.

ಮಂಗಳವಾರ ಬೆಳಗಾಗುವಾಗ ಗಾಳಿ ಶುರುವಾಗಿತ್ತು. ಸಮುದ್ರದ ಕಡೆಯಿಂದ ಬಂದು, ಗೋಡೆಯನ್ನು ಒಮ್ಮೆ ಮುಟ್ಟಿ ನೋಡಿ ಹಿಂದೆ ಸರಿಯುತ್ತಿತ್ತು. ಸಗುಣಾಬಾಯಿ ಬಂದು ಸಮುದ್ರದ ಕಡೆಯ ಕಿಡಕಿ ಬಾಗಿಲುಗಳಿಗೆಲ್ಲ ಪಟ್ಟಿ ಬಡಿದರು. ಬಾಣಂತಿ ಕೋಣೆಯಲ್ಲಿ ದಿನ್ನೆಯ ಕಡೆ ಒಂದು ಕಿಡಕಿ ಇತ್ತು. ಅದಕ್ಕೆ ಮೊಳೆ ಹೊಡೆಯಲಿಲ್ಲ. ಅಷ್ಟೇ ಅಲ್ಲ, ನಾನು ಸಂದಿಗೆ ತುರುಕಿದ್ದ ಅರಿವೆ ಕಿತ್ತು, ಕಿಡಕಿಯನ್ನು ನಾಲ್ಕು ಬೆರಳು ತೆರೆದು ಹಗ್ಗದಿಂದ ಕಟ್ಟಿದರು.

"ಇದೇನ್ರಿ? ಇಲ್ಲಿ ಬಾಣಂತಿ ಅದಾಳ!"

"ಇದು ಹಿಂಗ ಇರಬೇಕು. ಒಳಗ ಹೊಕ್ಕ ಗಾಳಿಗೆ ಹೊರಗ ಹೋಗಾಕ ಹಾದಿ ಬೇಕು. ಇಲ್ಲಂದರ ಮಾಡು ಎತ್ತಿಕೊಂಡು ಹೋಗ್ತದ. ಗಾಳಿ ತಿರುಗಿದರ ಇದನ್ನ ಮುಚ್ಚಿ ಆ ಕಡೆದು ತೆಗೆಯೂದು. ಇದನ್ನ ಮುಟ್ಟಬ್ಯಾಡ್ರಿ, ಬೀಗತೀ."

"ಆತ್ರಿ," ಅಂದೆ.

"ಎರಡನೇ ಬಾವುಟ ಏರಿದರ ಗೋದಾಮಿಗೆ ಹೋಗೂದು."

"ಹನ್ನೆರಡ ದಿನದ ಬಾಣಂತಿನ್ನ ನಾ ಗಾಳಿಗೆ ಒಯ್ಯೂದಿಲ್ರಿ. ಇಲ್ಲೇ ಬಾಗಲಾ ಹಾಕ್ಕೊಂಡು ಕೂಡ್ತೇವಿ. ಶಿವ ಅದಾನ."

ಸಗುಣಾಬಾಯಿ ಸುತ್ತಿಗೆ ಎತ್ತಿಕೊಂಡರು. ತಮ್ಮ ಮನೆಯ ಕಡೆ ಹೋದರು. ಅವರು ಅತ್ತ ಹೋದ ಕೂಡಲೇ ನಾನು ಕಿಡಕಿ ಎಳೆದು ಮುಚ್ಚಿ, ಅಗಳಿ ಹಾಕಿ, ಕೂಸಿನ ಬಟ್ಟೆಗಳನ್ನೆಲ್ಲ ಸುರುಳಿ ಸುತ್ತಿ ಸಂದಿಗೆ ತುರುಕಿದೆ. ಇಳಕಲ್ ಸೀರೆಯ ಕೆಂಪು ಅಂಚು ಹೊರಗೆ ಕಾಣದಂತೆ ಒತ್ತಿ ಒತ್ತಿ ತುರುಕಿದೆ.

ನೀಲವ್ವ ಮಂಚದ ಮೇಲಿಂದ ನೋಡುತ್ತಿದ್ದಳು. "ಅವ್ವಾ, ಬ್ಯಾಡ ಅಂದಾರಲ್ಲ."

"ಅವರಿಗೇನ ಗೊತ್ತವ್ವಾ," ಅಂದುಬಿಟ್ಟೆ. ಅಂದದ್ದು ನನಗೇ ಕೇಳಿಸಿತು. ಲಿಂಗ ಕೈಗೆ ತಗೊಂಡು ಪೂಜೆಗೆ ಕೂತೆ.

ಮಂಗಳವಾರ ಮಧ್ಯಾಹ್ನ, ಹಗ್ಗ

ಪೂಜೆ ಮುಗಿಯುವಷ್ಟರಲ್ಲಿ ಮಾಡು ಉಸಿರಾಡತೊಡಗಿತು. ನಾನು ಇದನ್ನು ಅಲಂಕಾರಕ್ಕೆ ಬರೆಯುತ್ತಿಲ್ಲ. ಗಾಳಿ ಬಂದು ಬಡಿದಾಗ ತಗಡು ಮೇಲಕ್ಕೆ ಉಬ್ಬುತ್ತಿತ್ತು, ಬಿಟ್ಟಾಗ ಧಡ್ ಅಂತ ತೊಲೆಯ ಮೇಲೆ ಬೀಳುತ್ತಿತ್ತು. ಪ್ರತಿ ಸಲ ಮೊಳೆಗಳು ಕಿರ್ ಅನ್ನುತ್ತಿದ್ದವು. ಮೇಲಿಂದ ತುಕ್ಕು ಉದುರಿ ಕೂಸಿನ ಮೇಲೆ ಬಿತ್ತು. ನನ್ನ ಕಿವಿಯೊಳಗೆ ಏನೋ ಒತ್ತಿದ ಹಾಗೆ, ಬಾವಿಯಲ್ಲಿ ಮುಳುಗಿದ ಹಾಗೆ. ಕೂಸು ಚಿಟ್ಟನೆ ಚೀರಿತು. ನೀಲವ್ವ ಅದನ್ನು ಎದೆಗೆ ಒತ್ತಿಕೊಂಡು ಮಂಚದ ಮೂಲೆಗೆ ಸರಿದಳು.

"ಅವ್ವಾ, ನನಗ ಹೆದರಿಕಿ ಆಗಾಕತ್ತೈತಿ."

ನಾನು ಹೋಗಿ ಕಿಡಕಿಗೆ ಇನ್ನೊಂದು ಬಟ್ಟೆ ತುರುಕಿದೆ! ಹೆದರಿದ ಕೈ ತನಗೆ ಗೊತ್ತಿರುವುದನ್ನೇ ಮಾಡುತ್ತದೆ.

ಹಿತ್ತಿಲ ಬಾಗಿಲು ಬಡಿಯಿತು. ತೆಗೆದರೆ ಸಗುಣಾಬಾಯಿ. ಸೀರೆ ಕಚ್ಚೆ ಹಾಕಿ ಬಿಗಿದಿದ್ದರು, ಕೂದಲೆಲ್ಲ ಬಿಚ್ಚಿ ಮುಖಕ್ಕೆ ಅಂಟಿತ್ತು. ನನ್ನ ಕಡೆ ನೋಡಲಿಲ್ಲ. ಮೇಲೆ ಮಾಡು ನೋಡಿದರು, ಸೀದಾ ಕೋಣೆಗೆ ಹೋಗಿ ಕಿಡಕಿ ನೋಡಿದರು.

"ಯಾರ ಮುಚ್ಚಿದರು ಇದನ್ನ?"

ನಾನು ಕೂಸಿನ ಮೇಲೆ ಬಿದ್ದ ತುಕ್ಕು ಒರೆಸತೊಡಗಿದೆ.

"ಮಾಡಿಗೆ ಹಗ್ಗ ಬಿಗಿಯಾಕ ನನ್ನ ಗಂಡನ ಅಂಗೈ ಕಿತ್ತೈತಿ. ನೀವು ಚಿಂದಿ ತುರುಕಿ ಗಾಳಿ ಕಟ್ಟಿಹಾಕ್ತೀರಿ?" ಅನ್ನುತ್ತಲೇ ಒಂದೊಂದೇ ಬಟ್ಟೆ ಕಿತ್ತು ನೆಲಕ್ಕೆ ಎಸೆದರು. ಅಗಳಿ ತೆಗೆದರು. ಕಿಡಕಿ ತೆರೆದ ಕೂಡಲೆ ಕೋಣೆಯಿಂದ ಏನೋ ಭುಸ್ ಅಂತ ಹೊರಗೆ ಹೋಯಿತು. ನನ್ನ ಕಿವಿ ಬಿಟ್ಟವು. ಮುಂದಿನ ಗಾಳಿ ಬಂತು. ಮಾಡು ನಡುಗಿತು, ಉಬ್ಬಲಿಲ್ಲ.

ಇದನ್ನು ನಾನು ಕಣ್ಣಾರೆ ನೋಡಿದೆ. ನೋಡಿದ ಮೇಲೆ ಇನ್ನೇನು ವಾದ ಮಾಡುವುದು?

ಸಗುಣಾಬಾಯಿ ಈಗ ಮೆಲ್ಲಗೆ ಹೇಳಿದರು. "ಎರಡನೇ ಬಾವುಟ ಏರಿ ಭಾಳ ಹೊತ್ತಾತು. ಎಲ್ಲಾರೂ ಹೋಗ್ಯಾರ. ನಮ್ಮನಿಯವರು ದಿನ್ನಿ ಹಾದಿ ಹಗ್ಗದ ಹತ್ತರ ನಿಂತಾರ. ಇನ್ನೊಂದು ಗಳಿಗಿ ಆದರ ನಡ್ಯಾಕ ಆಗೂದಿಲ್ಲ. ನೀವು ಬರಲಿಲ್ಲಂದರ ನಾನೂ ಇಲ್ಲೇ ಕೂಡ್ತೇನಿ. ಮಗನಿಗೆ ಮಾತು ಕೊಟ್ಟೇನಿ. ಹೇಳ್ರಿ, ಏನ ಮಾಡೂದು?"

ಅಂದು ಖರೇನೇ ನೆಲದ ಮೇಲೆ ಕೂತುಬಿಟ್ಟರು.

ನಾನು ಮಗಳನ್ನು ನೋಡಿದೆ. ಅವಳು ಆಗಲೇ ಕಾಲು ಕೆಳಗೆ ಬಿಟ್ಟಿದ್ದಳು. "ಶಿವಾ, ನಿನ್ನ ಮ್ಯಾಲೆ ಭಾರ," ಅಂದೆ. ಅವಳ ತಲೆಗೆ ಎರಡು ಸುತ್ತು ಬಟ್ಟೆ ಕಟ್ಟಿದೆ, ಕಿವಿಗೆ ಅರಳೆ ಇಟ್ಟೆ. ಅದನ್ನು ನೋಡಿ ಸಗುಣಾಬಾಯಿ ಏನೋ ಅನ್ನಲು ಹೋಗಿ ಬಾಯಿ ಮುಚ್ಚಿಕೊಂಡರು. ಕೂಸನ್ನು ಅವಳ ಎದೆಗೆ ಕಟ್ಟಿ ಮೇಲೆ ಎರಡೂ ಕಂಬಳಿ ಹೊದಿಸಿದೆ. ಉಂಡೆಯ ಡಬ್ಬಿ ನನ್ನ ಕಂಕುಳಲ್ಲಿ.

ಮೀನುಗಾರರು ಆ ಊರಲ್ಲಿ ಇನ್ನೊಂದು ಸಿದ್ಧತೆ ಮಾಡಿದ್ದರು. ದಂಡೆಯ ಮನೆಗಳಿಂದ ದಿನ್ನೆಯ ಗೋದಾಮಿನತನಕ ಗಿಡದಿಂದ ಗಿಡಕ್ಕೆ ಸೊಂಟದೆತ್ತರ ಒಂದು ಹಗ್ಗ. ಮುದುಕರು, ಕಣ್ಣಿಲ್ಲದವರು, ಮಕ್ಕಳೊಂದಿಗರು ಹಿಡಿದು ಹತ್ತಲಿ ಅಂತ. ಬಲೆ ಎಳೆಯುವ ಹಗ್ಗ, ಮೀನಿನ ನಾತ. ನಾನು ಆ ಹಗ್ಗವನ್ನು ಎರಡೂ ಕೈಯಿಂದ ಹಿಡಿದೆ.

ಮಳೆ ಅಡ್ಡಡ್ಡ ಹೊಡೆಯುತ್ತಿತ್ತು, ರವೆ ಎರಚಿದ ಹಾಗೆ. ಸಖಾರಾಮ ಮುಂದೆ, ನಡುವೆ ನೀಲವ್ವ, ಅವಳ ಎರಡೂ ಪಕ್ಕಕ್ಕೆ ನಾವು ಬೀಗತಿಯರು. ನಾಲ್ಕು ಹೆಜ್ಜೆ, ನಿಲ್ಲು. ಗಾಳಿ ಹೋಗಲಿ. ಮತ್ತೆ ನಾಲ್ಕು ಹೆಜ್ಜೆ. ಒಂದು ಕಡೆ ನನ್ನ ಕಾಲು ಜಾರಿ ಮೊಣಕಾಲ ಮೇಲೆ ಬಿದ್ದೆ. ಡಬ್ಬಿ ಉರುಳಿತು. ಸಗುಣಾಬಾಯಿ ಕಾಲಿನಿಂದ ಅದನ್ನು ತಡೆದು, "ಉಂಡಿ ಹಿಡೀರಿ, ಉಂಡಿ! ತುಫಾನಿಗಿಂತ ಮೊದಲ ಕಟ್ಟಿದ್ದು!" ಅಂತ ಕೂಗಿದರು. ಆ ಹೊತ್ತಿನಲ್ಲೂ ನೀಲವ್ವ ನಕ್ಕಳು. ಕಂಬಳಿಯೊಳಗಿಂದ ಆ ನಗು ಕೇಳಿ ನನ್ನ ಕಾಲಿಗೆ ಶಕ್ತಿ ಬಂತು.

ಮಂಗಳವಾರ ಸಂಜೆ, ಗೋದಾಮು

ಹಳೆಯ ಸಕ್ಕರೆಯ ಗೋದಾಮು. ಎರಡಾಳೆತ್ತರದ ದಪ್ಪ ಕಲ್ಲಿನ ಗೋಡೆ, ನಮ್ಮ ಕಡೆಯ ವಾಡೆಯ ಗೋಡೆಯ ಹಾಗೆ. ಊರಿಗೆ ಊರೇ ಅಲ್ಲಿ ಸೇರಿತ್ತು. ಮರಾಠಿಯವರು, ಬಿಹಾರದವರು, ಕಪ್ಪು ಜನ, ಒಬ್ಬ ಚೀನಾದ ಅಂಗಡಿಕಾರ ಮತ್ತು ಅವನ ಹೆಂಡತಿ. ಒಂದು ಮೂಲೆಯಲ್ಲಿ ಆಡು. ನನ್ನ ಪಕ್ಕದಲ್ಲೇ ಸಗುಣಾಬಾಯಿಯ ಬುಟ್ಟಿಯಲ್ಲಿ ಮೂರು ಕೋಳಿ. ಹುಟ್ಟಿದಾಗಿನಿಂದ ಯಾರ ಮನೆಯ ನೀರು ಕುಡಿಯಬೇಕು ಯಾರದು ಬಾರದು ಅಂತ ನೋಡಿ ನಡೆದವಳು ನಾನು. ಆ ಸಂಜೆ ಚೀನಾದ ಹೆಂಗಸು ನೀಲವ್ವನಿಗೆ ಬಿಸಿನೀರು ತಂದುಕೊಟ್ಟಳು. ನಾನೇ ಕೈಯೊಡ್ಡಿ ತಗೊಂಡೆ. ಬಿಸಿ ಇತ್ತಲ್ಲ, ಅದು ಶಿವನ ದಯೆ.

ಕಂಬಳಿ ಬಿಚ್ಚಿ ನೋಡಿದೆ. ಮೇಲಿನದು ತೊಯ್ದು ತಪ್ಪಡಿ. ಒಳಗಿನದಕ್ಕೆ ನೀರು ಇಳಿದಿರಲಿಲ್ಲ. ಕೂಸು ಬೆಚ್ಚಗೆ ನಿದ್ದೆ ಮಾಡುತ್ತಿತ್ತು. ನಮ್ಮ ಕುರಿಯ ಉಣ್ಣೆಯೂ ತನ್ನ ಕೆಲಸ ಮಾಡಿತ್ತು.

ಡಬ್ಬಿ ತೆರೆದು ಉಂಡೆ ಹಂಚಿದೆ. ಹೆಸರಿಡುವ ದಿನಕ್ಕೆಂದು ಕಟ್ಟಿದ್ದು. ಸಾಲದ್ದಕ್ಕೆ ಒಂದನ್ನು ನಾಲ್ಕು ಮಾಡಿದೆ. ಕಪ್ಪು ಮುದುಕಿಯೊಬ್ಬಳು ಅಂಟು ಕರುಂ ಅಂದದ್ದಕ್ಕೆ ಬೆದರಿ ಹಲ್ಲು ಮುಟ್ಟಿ ನೋಡಿಕೊಂಡಳು, ಹಲ್ಲು ಇದ್ದಲ್ಲೇ ಇತ್ತು, ಇನ್ನೊಂದು ತುಂಡು ಕೇಳಿದಳು.

ಹೊರಗೆ ಗಾಳಿ ಏನು ಮಾಡಿತು ಅಂತ ವರ್ಣಿಸಲು ನನಗೆ ಬರುವುದಿಲ್ಲ. ಕಲ್ಲಿನ ಗೋಡೆಗೆ ಬೆನ್ನು ಹಚ್ಚಿದರೆ ಗೋಡೆ ಗುಂಯ್ ಅನ್ನುತ್ತಿತ್ತು. ಅಳಿಯಂದಿರ ಸುದ್ದಿ ಇಲ್ಲ. ನೀಲವ್ವ ಕೇಳಲಿಲ್ಲ, ನಾವೂ ಆ ಮಾತು ಎತ್ತಲಿಲ್ಲ.

ಸಗುಣಾಬಾಯಿ ನನ್ನ ಮೊಣಕಾಲಿಗೆ ಅರಿಸಿಣ ಹಚ್ಚುತ್ತ ಕೂತಿದ್ದರು. ನಾನು ಅವರಿಗೆ ಆ ಕಿಡಕಿಯ ಮಾತು ಹೇಳಿದೆ. ಒಂಬತ್ತು ದಿನದ ಕೂಸು, ಅತ್ತೆ ಬಂದು ಮುಚ್ಚಿದ್ದು, ಎಲ್ಲ. ಮಗಳಿಗೂ ನಾನು ಹೇಳಿರಲಿಲ್ಲ.

ಅವರು ಕೈ ನಿಲ್ಲಿಸಲಿಲ್ಲ. ಅರಿಸಿಣ ಹಚ್ಚುತ್ತಲೇ, "ನನ್ನವೂ ಎರಡು ಹೋಗ್ಯಾವು, ಬೀಗತೀ," ಅಂದರು. "ಆಗ ಕಬ್ಬಿನ ತೋಟದ ಕೂಲಿ ಲೈನಿನ ಮನ್ಯಾಗ ಇದ್ವಿ. ಅದಕ್ಕ ಕಿಡಕಿನ ಇರಲಿಲ್ಲ."

ಆ ರಾತ್ರಿ ಹೇಗೋ ಕಳೆಯಿತು.

ಬುಧವಾರ

ಬೆಳಗಿನ ಜಾವಕ್ಕೆ ಗಾಳಿ ತಿರುಗಿ, ದಿನ್ನೆಯ ಹಿಂದಿನಿಂದ ನಾಲ್ಕು ಸಲ ಬಡಿದು, ಇಳಿಯಿತು. ಬಿಸಿಲು ಬಂದಾಗ ಬಾಗಿಲು ತೆಗೆದರು. ಕಬ್ಬಿನ ಹೊಲಗಳೆಲ್ಲ ಚಾಪೆ ಹಾಸಿದ ಹಾಗೆ ಮಲಗಿದ್ದವು. ಗಿಡಗಳಿಗೆ ಒಂದೂ ಎಲೆ ಇಲ್ಲ. ಹಗ್ಗ ಮಾತ್ರ ಇತ್ತು. ಎಷ್ಟೋ ಕಡೆ ಕಟ್ಟಿದ ಗಿಡವೇ ಉರುಳಿ, ಹಗ್ಗ ಅದರ ಮೇಲೆ ಬಿದ್ದಿತ್ತು.

ಮಗಳನ್ನೂ ಕೂಸನ್ನೂ ಸಗುಣಾಬಾಯಿಯ ಹತ್ತಿರ ಬಿಟ್ಟು, ಮನೆ ಏನಾಗಿದೆ ನೋಡಿ ಬರೋಣವೆಂದು ನಾನೊಬ್ಬಳೇ ಇಳಿದೆ.

ಮನೆಯ ಮೆಟ್ಟಿಲ ಮೇಲೆ ಅಳಿಯಂದಿರು ಕೂತಿದ್ದರು. ಬಲಗೈಗೆ ಬಟ್ಟೆ ಸುತ್ತಿತ್ತು, ಮೈಯೆಲ್ಲ ಎಣ್ಣೆ ಮತ್ತು ಕೆಸರು. ತಲೆ ಮೊಣಕಾಲಿಗೆ ಆನಿಸಿದ್ದರು. ನಾನು ಕೂಗಿದೆ. ತಲೆ ಎತ್ತಿ ನನ್ನನ್ನು ನೋಡಿದರು, ಗುರುತು ಸಿಗದವರ ಹಾಗೆ.

"ನೀಲವ್ವ, ಕೂಸು, ಇಬ್ಬರೂ ಗೋದಾಮಿನ್ಯಾಗ ಅದಾರ್ರಿ. ಛಲೋ ಅದಾರ," ಅಂದೆ.

ಅವರು ಎಡಗೈಯಿಂದ ಮುಖ ಮುಚ್ಚಿಕೊಂಡರು. ಆಮೇಲೆ, "ನೀವು ಹೋಗಿರೂದಿಲ್ಲ ಅಂತ ತಿಳಿದಿದ್ದೆ ಅತ್ತೀ. ಒಳಗ ಹೋಗಿ ಮಂಚ ನೋಡಿ ಬಂದೆ," ಅಂದರು. ಎದ್ದು ದಿನ್ನೆಯ ಕಡೆ ಓಡಿದರು.

ನಾನೂ ಒಳಗೆ ಹೋದೆ. ಮುಂದಿನ ಕೋಣೆಯ ಎರಡು ತಗಡು ಹೋಗಿದ್ದವು. ಬಾಣಂತಿ ಕೋಣೆಯ ಮಾಡು ಇದ್ದಂತೆಯೇ ಇತ್ತು. ದಿನ್ನೆಯ ಕಡೆಯ ಕಿಡಕಿ ತೆರೆದುಕೊಂಡು ಸುಮ್ಮನೆ ಅಲ್ಲಾಡುತ್ತಿತ್ತು. ಗೋಡೆಯ ಮೇಲೆ ಒದ್ದೆಯ ಗೆರೆ ಒಂದಿತ್ತು, ಸುತ್ತ ನಾಲ್ಕೂ ಕಡೆ ಒಂದೇ ಎತ್ತರಕ್ಕೆ, ದಾರ ಹಿಡಿದು ಎಳೆದ ಹಾಗೆ. ಸಮುದ್ರ ಒಳಗೆ ಬಂದು ಹೋಗಿತ್ತು. ಮಂಚದ ಪಕ್ಕದಲ್ಲಿ ನಿಂತು ನೋಡಿದೆ. ಆ ಗೆರೆ ಮಂಚದ ಹಾಸಿಗೆಗಿಂತ ಒಂದು ಗೇಣು ಮೇಲಿತ್ತು.

ಎರಡು ದಿನ ನಾನು ಬರೀ ಗಾಳಿಗೆ ಹೆದರಿದ್ದೆ. ನೀರಿನ ವಿಚಾರವನ್ನೇ ಮಾಡಿರಲಿಲ್ಲ. ಮಂಚ ಹಿಡಿದುಕೊಂಡು ಕೊರಳಿನ ಲಿಂಗ ಮುಟ್ಟಿಕೊಂಡೆ.

ನೆಲದ ಮೇಲೆ ಉಸುಕಿನಲ್ಲಿ ಅರ್ಧ ಹೂತು ಕೂಸಿನ ಬಟ್ಟೆಗಳು ಬಿದ್ದಿದ್ದವು, ಸಗುಣಾಬಾಯಿ ಕಿತ್ತು ಎಸೆದವೇ. ಹನ್ನೊಂದಿದ್ದವು, ಎಲ್ಲವೂ ಸಿಕ್ಕವು. ಸಮುದ್ರ ಒಂದನ್ನೂ ಒಯ್ದಿರಲಿಲ್ಲ.

ಆಮೇಲೆ ಎಲ್ಲರೂ ಇಳಿದು ಬಂದರು. ಬಾವಿಯ ನೀರು ಉಪ್ಪಾಗಿತ್ತು. ಗೋದಾಮಿನ ಹತ್ತಿರ ಮಳೆಯ ನೀರು ಹಿಡಿದಿಟ್ಟ ಪೀಪಾಯಿಯನ್ನು ಹೊತ್ತು ತಂದಿದ್ದರು. ಹಳ್ಳದ ಮೂಲೆಯಲ್ಲಿ ಗಂಡಸರು ಮುಳುಗಿ ಮುಳುಗಿ ಕಲ್ಲು ಎತ್ತಿ ಹೊರಗೆ ಹಾಕುತ್ತಿದ್ದರು. ಸಖಾರಾಮನ ದೋಣಿಯ ಮೂತಿ, ದೇವರ ಪಟದ ಸಮೇತ, ನೀರಿನಿಂದ ಮೇಲೆ ಬಂದಿತ್ತು.

ಸಗುಣಾಬಾಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಿಸಿಲಿಗೆ ಕೂತಿದ್ದರು. ಗಾಳಿಗೆ, ತೆರೆದ ಅಂಗಳದಲ್ಲಿ! ನಾನು ಅವರ ಪಕ್ಕಕ್ಕೆ ಹೋಗಿ ನಿಂತೆ.

"ಬೀಗತೀ, ಇವತ್ತ ಹದಿಮೂರು. ಹೆಸರ ಇಡೂದಿಲ್ಲೇನು?" ಅಂತ ಕೇಳಿದರು.

"ಇಡೂನ್ರಿ. ಮೊದಲ ಕೂಸಿಗೆ ಒಣಾ ಬಟ್ಟಿ ಆಗ್ಲಿ," ಅಂದೆ.

ಪೀಪಾಯಿಯಿಂದ ಒಂದು ಬೋಗುಣಿ ನೀರು ತಗೊಂಡು ಕೂತೆ. ಹನ್ನೊಂದೂ ಬಟ್ಟೆ ಉಸುಕು ಹೋಗುವತನಕ ತಿಕ್ಕಿ, ಹಿಂಡಿ, ಜಾಡಿಸಿದೆ. ಒಣಹಾಕಲು ಜಾಗ ನೋಡಿದರೆ ಊರಲ್ಲಿ ಒಂದು ನೆಟ್ಟಗಿನ ಗಿಡ ಇರಲಿಲ್ಲ. ಮಾಡಿಗೆ ಬಿಗಿದ ಹಗ್ಗ ಇನ್ನೂ ಗೂಟಕ್ಕೆ ಹಾಗೇ ಇತ್ತು. ಅದರ ಮೇಲೇ ಸಾಲಾಗಿ ಹಾಕತೊಡಗಿದೆ.